ನಮ್ಮ ಪಾಲಿನ ಸೇವೆ

ಪುಷ್ಯ ಬಹುಳ ಅಮಾವಾಸ್ಯೆಯಂದು ನಾವು ಶ್ರೀ ಪುರಂದರದಾಸರ ಆರಾಧನೆಯನ್ನು ಭಕ್ತಿಯಿಂದ ಆಚರಿಸುತ್ತೇವೆ. ದಾಸರ ಪದಗಳನ್ನು ಹಾಡಿ, ಕೇಳಿ, ತೀರ್ಥಪ್ರಸಾದಗಳನ್ನು ಸ್ವೀಕರಿಸಿ ಮನೆಗೆ ಮರಳುತ್ತೇವೆ. ನಮ್ಮದೊಂದು ನುಡಿಯನ್ನೂ ಹರಿಗೆ ಸಲ್ಲಿಸೋಣವೆಂಬ ಹಂಬಲ ಎಂದಾದರೂ ಹುಟ್ಟಿದರೆ, "ನಮಗೆಲ್ಲಿಯ ಯೋಗ್ಯತೆ?", "ಸಂಸಾರದಲ್ಲಿ ಹೊತ್ತೆಲ್ಲಿ?" ಎಂಬ ಎರಡು ಮಾತುಗಳು ಅದನ್ನು ಅಡಗಿಸಿಬಿಡುತ್ತವೆ. ಇವೆರಡನ್ನೂ ಇಲ್ಲಿ ವಿಚಾರಮಾಡೋಣ.

ಶ್ರೀಮದಾಚಾರ್ಯರು ಬೋಧಿಸಿದ ಪಂಚಭೇದಗಳಲ್ಲಿ ಜೀವ-ಜೀವಭೇದವೂ ಒಂದು. ಒಬ್ಬ ಜೀವನಂತೆ ಮತ್ತೊಬ್ಬನಿಲ್ಲ. ಅವನ ಯೋಗ್ಯತೆ ಇವನದಲ್ಲ. ಆದುದರಿಂದ ಒಬ್ಬನ ಪಾಲಿನ ಸೇವೆಯನ್ನು ಮತ್ತೊಬ್ಬನು ಸಲ್ಲಿಸಲಾರನು. ತಾರತಮ್ಯಜ್ಞಾನವು ಹಿರಿಯರ ಮುಂದೆ ನಮ್ಮನ್ನು ವಿನೀತರನ್ನಾಗಿಸಬೇಕು, ಮೂಕರನ್ನಾಗಿಸಬಾರದು.

"ನಾನು ರಚಿಸಿದೆ" ಎಂಬುದು ಅಹಂಕಾರವಲ್ಲವೇ ಎಂದು ಕೆಲವರು ಶಂಕಿಸಬಹುದು. ಜೀವನಿಗೆ ಕರ್ತೃತ್ವವೇ ಇಲ್ಲವೆಂದು ನಮ್ಮ ಸಿದ್ಧಾಂತವು ಹೇಳುವುದಿಲ್ಲ. ಕರ್ತೃತ್ವವುಂಟು, ಆದರೆ ಅದು ಸ್ವತಂತ್ರನಾದ ಶ್ರೀಹರಿಯ ಅಧೀನವೆನ್ನುತ್ತದೆ. ದಾಸರು ಪದದ ಕೊನೆಯಲ್ಲಿಡುವ ಅಂಕಿತದ ಮರ್ಮವೂ ಇದೇ. ಪುರಂದರವಿಠಲ, ವಿಜಯವಿಠಲ ಎಂಬ ಅಂಕಿತಗಳಿಂದ ಪದವನ್ನು ರಚಿಸಿದವರು ಯಾರೆಂಬುದೂ ತಿಳಿಯುತ್ತದೆ, ಅದು ಯಾರಿಗೆ ಸೇರಿದ್ದೆಂಬುದೂ ತಿಳಿಯುತ್ತದೆ. ಗುರುಮುಖದಿಂದ ಅಂಕಿತವನ್ನು ಪಡೆಯದವರೂ ತಮ್ಮ ಕೃತಿಯನ್ನು ಕೃಷ್ಣಾರ್ಪಣವೆಂದು ಒಪ್ಪಿಸಲು ಅಡ್ಡಿಯೇನು?

ಇನ್ನು ಹೊತ್ತಿನ ಮಾತು. 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನವರು ಚಂದ್ರಹಾಸನ ಕಥೆಯನ್ನು ಹಾಡಾಗಿಸಿದರು. ಹರಪನಹಳ್ಳಿ ಭೀಮವ್ವನವರು (1823-1903) ಭೀಮೇಶಕೃಷ್ಣ ಎಂಬ ಅಂಕಿತದಿಂದ ಪದಗಳನ್ನು ರಚಿಸಿದರು. ನಮ್ಮ ಮನೆಗಳ ಆರತಿಯ ಹಾಡು, ಉರುಟಣೆಯ ಹಾಡು, ಜೋಗುಳ, ಕುಟ್ಟುವ ಬೀಸುವ ಹಾಡುಗಳೆಲ್ಲ ಕೆಲಸದ ನಡುವೆಯೇ ಬಾಳಿದವು. ಬಿಡುವಿಗಾಗಿ ಅವು ಕಾಯಲಿಲ್ಲ. ಇಂದು ಬೀಸುವ ಕಲ್ಲು ಮೂಲೆ ಸೇರಿದೆ. ಅದರೊಡನೆ ಹಾಡೂ ಮೂಲೆ ಸೇರಬೇಕೇ?

ಹಬ್ಬದ ದಿನ ಭೀಮವ್ವನವರ ಹಾಡನ್ನು ಕೇಳಿ ತಲೆದೂಗುವ ಮನೆಯಲ್ಲಿಯೇ, ಸೊಸೆಯು ಕಾಗದ ಲೇಖನಿ ಹಿಡಿದು ಕುಳಿತರೆ "ಬೇರೆ ಕೆಲಸವಿಲ್ಲವೇ?" ಎಂಬ ಮಾತು ಹುಟ್ಟುವುದುಂಟು. ಇದು ಸಲ್ಲದು. ಹರಿಯು ಒಂದು ಜೀವಕ್ಕೆ ಕೊಟ್ಟುದನ್ನು ನಾವು ತಡೆದರೆ, ಆ ಸೇವೆಯನ್ನು ಮತ್ತಾರು ಸಲ್ಲಿಸಿಯಾರು?

ಆದುದರಿಂದ ಪ್ರತಿ ಮನೆಯಲ್ಲಿಯೂ ದಿನಕ್ಕೊಂದು ಘಳಿಗೆಯನ್ನು, ಎಂದರೆ 24 ನಿಮಿಷಗಳನ್ನು, ಇದಕ್ಕಾಗಿ ಮೀಸಲಿಡೋಣ. ಒಬ್ಬರು ಬರೆಯಲು ಕುಳಿತಾಗ ಅವರ ಕೆಲಸಕ್ಕೆ ಮತ್ತೊಬ್ಬರು ಕೈಹಚ್ಚಲಿ. ಹಾಡು ಬಾರದವರು ಹೊಸದೊಂದು ರಂಗವಲ್ಲಿಯನ್ನು ಬಿಡಿಸಲಿ, ತುಳಸಿಯ ಮಾಲೆಯನ್ನು ಕಟ್ಟಲಿ, ಮಕ್ಕಳಿಗೆ ಭಾಗವತದ ಕಥೆಯನ್ನು ತಮ್ಮದೇ ಮಾತಿನಲ್ಲಿ ಹೇಳಲಿ. ಅದು ಸಭೆಗೆ ಬರಬೇಕಿಲ್ಲ, ಅಚ್ಚಾಗಬೇಕಿಲ್ಲ. ದೇವರ ಮುಂದಿಟ್ಟರೆ ಸಾಕು. ಭಕ್ತಿಯಿಂದ ತಂದ ಒಂದು ಎಲೆಯನ್ನೂ ಸ್ವೀಕರಿಸುವ ಸ್ವಾಮಿಯು ತಪ್ಪುತಾಳದ ಹಾಡನ್ನು ಒಲ್ಲೆನೆನ್ನುವನೇ?

|| ಶ್ರೀಕೃಷ್ಣಾರ್ಪಣಮಸ್ತು ||