ಮೇಣದ ಹದ

ಕಸಬಿನ ಗುಟ್ಟನ್ನು ಜೊತೆಗಾರನಿಗೆ ಕಲಿಸಿದರೆ ನಮ್ಮ ಅನ್ನಕ್ಕೆ ಸಂಚಕಾರವೆಂಬ ಭಯ ಹಳೆಯದು, ನಿರಾಧಾರವೂ ಅಲ್ಲ. ಗುಟ್ಟು ಕಾಯುವವನನ್ನು ಸ್ವಾರ್ಥಿಯೆಂದು ಹಳಿಯುವುದು ನ್ಯಾಯವೇ?

1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಮದರಾಸಿನ ಬಳಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದರು. ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅವರಲ್ಲೊಬ್ಬರು. ಚಿತ್ರಗಳನ್ನು ಕೊಳ್ಳುವವರು ವಿರಳ. ಹೊಟ್ಟೆ ಹೊರೆದದ್ದು ಬಾಟಿಕ್‌ನಂಥ ಕೈಕಸಬು. ಬಟ್ಟೆಯ ಮೇಲೆ ಕರಗಿದ ಮೇಣದಿಂದ ಬರೆದು ಬಣ್ಣದಲ್ಲಿ ಅದ್ದಿದರೆ, ಮೇಣವಿದ್ದೆಡೆ ಬಣ್ಣ ಹತ್ತದು. ಮೇಣ ಆರಿದರೆ ಬಟ್ಟೆಯೊಳಗೆ ಇಳಿಯದು, ಅತಿಯಾಗಿ ಕಾದರೆ ಹರಡಿಬಿಡುವುದು. ಈ ಹದವನ್ನು ಬಲ್ಲವನ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಹಾಗೆ ಕೂಡಿ ಕಲಿತರೂ ಅವರವರ ಚಿತ್ರ ಅವರವರದಾಗಿಯೇ ಉಳಿಯಿತು. ಕಸಬು ಅನ್ನ ಕೊಟ್ಟಿದ್ದರಿಂದ ಕುಂಚಕ್ಕೆ ಕೊಳ್ಳುವವನ ಹಂಗು ತಪ್ಪಿತು. ಆದರೆ ಒಂದು ಮಾತು: ಅವರು ವಿದ್ಯೆಯನ್ನಷ್ಟೇ ಹಂಚಲಿಲ್ಲ, ಮಾರಾಟವನ್ನೂ ಸಂಘವಾಗಿ ನಡೆಸಿದರು.

ನಮ್ಮ ಮುಂಡಗೋಡ ಸೀಮೆಯ ಪಾಳಾದಂಥ ಊರಿನ ರೈತನಿಗೂ ಇದು ತಿಳಿಯದ ನೀತಿಯಲ್ಲ. ಮುಯ್ಯಾಳಾಗಿ ನೆರೆಯವನ ಗದ್ದೆಗೆ ಇಳಿಯುವವನು, ನಾಳೆ ತನ್ನ ಗದ್ದೆಗೂ ಆಳು ಬಂದಾರೆಂಬ ಭರವಸೆಯಿಂದಲೇ ಇಳಿಯುತ್ತಾನೆ. ಆ ಭರವಸೆಯನ್ನು ಕೊಡದೆ ಬಡ ಕಸಬುದಾರನಿಂದ ಔದಾರ್ಯವನ್ನು ಮಾತ್ರ ಬೇಡುವುದು ನೀತಿಯಲ್ಲ. ಅನ್ನ ಕೂಡಿ ಉಂಡಲ್ಲಿ ಗುಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.