ಮೂಲಪ್ರತಿ

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಅಂಗಿಗೆ ಸಜ್ಜಿಗೆಯ ವಾಸನೆ ಎಂದು ಸೋದರಮಾವ ನಗುತ್ತಿದ್ದರು. ಲ್ಯಾಬಿನ ಹಣ್ಣಿನ ನೊಣಗಳಿಗೆ ನಾವು ಬೇಯಿಸುತ್ತಿದ್ದದ್ದು ರವೆ, ಬೆಲ್ಲ, ಅಗರ್. ಬೂಷ್ಟು ಹಿಡಿಯದಿರಲೆಂದು ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ. ಮಾವ ತಾಳೆಗರಿ ಪ್ರತಿಗಳನ್ನು ತಾಳೆ ನೋಡುವವರು. ಶಾಸ್ತ್ರದಲ್ಲಿ ಒಂದಕ್ಷರ ಅತ್ತಿತ್ತಾದರೂ ದೋಷ ಎನ್ನುವ ಪೈಕಿ.

ಒಂದು ದಿನ ಅವರನ್ನು ಲ್ಯಾಬಿಗೆ ಕರೆದೊಯ್ದೆ. ಅನನಾಸೆ ಎಂಬ ಜಾತಿಯ ನೊಣದ ಮರಿಹುಳು. ಅದರ ಜೊಲ್ಲುಗ್ರಂಥಿ ಬಿಡಿಸಿ, ಬಣ್ಣ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಸಾವಿರದಷ್ಟು ಎಳೆ ಒತ್ತಾಗಿ ಕೂಡಿದ ಹಗ್ಗ, ಉದ್ದಕ್ಕೂ ಅಡ್ಡಪಟ್ಟಿ. (ಬಣ್ಣ ಹೀರುವುದರಿಂದ ಇದರ ಹೆಸರು ವರ್ಣತಂತು; ಬೇರೆ ವರ್ಣದ ಮಾತು ಬೇಡವೆಂದು ಮೊದಲೇ ಹೇಳಿದ್ದೆ.) ನಡುವೆ ಒಂದು ಕುಣಿಕೆ. ಎಂದೋ ತುಂಡೊಂದು ಕಡಿದು, ತಿರುಗಿ ಕೂತಿದೆ: ತಾಯಿಯಿಂದೊಂದು ತಂದೆಯಿಂದೊಂದು ಬಂದ ಜೋಡಿಯಲ್ಲಿ ಒಂದರಲ್ಲಿ ಅ ಆ ಇ ಈ, ಇನ್ನೊಂದರಲ್ಲಿ ಅ ಇ ಆ ಈ. ಪಟ್ಟಿಗೆ ಪಟ್ಟಿ ಸೇರಬೇಕಾದರೆ ಹೀಗೆ ಸುತ್ತಿ ಬಳಸಲೇಬೇಕು.

"ಸರಿಯಾದ ಪಾಠ ಯಾವುದೋ?" ಎಂದರು.

ನಾನು ತಳಿವಿಜ್ಞಾನಿ ಡಾಬ್ಜಾನ್ಸ್ಕಿಯ ಕಥೆ ಹೇಳಿದೆ. ಅಮೆರಿಕದ ಸ್ಯೂಡೋಅಬ್‌ಸ್ಕ್ಯೂರಾ ನೊಣದ ಮೂರನೆಯ ವರ್ಣತಂತುವಿಗೆ ಇಂಥ ಹಲವು ಪಾಠಾಂತರಗಳಿವೆ. ಒಂದಕ್ಕೆ 'ಸ್ಟ್ಯಾಂಡರ್ಡ್' ಎಂದು ಹೆಸರಿಟ್ಟದ್ದು ಹೋಲಿಕೆಯ ಅನುಕೂಲಕ್ಕೆ, ಶುದ್ಧವೆಂದಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಜಸಿಂಟೊ ಬೆಟ್ಟದಲ್ಲಿ ಮಾರ್ಚ್‌ನಿಂದ ಜೂನ್‌ಗೆ ಸ್ಟ್ಯಾಂಡರ್ಡ್‌ನ ಪ್ರಮಾಣ ಇಳಿದು 'ಚಿರಿಕಾವಾ' ಎಂಬ ಇನ್ನೊಂದು ಪಾಠದ್ದು ಏರುತ್ತಿತ್ತು. ಅಲ್ಲಿನ ಬೇಸಿಗೆಯಲ್ಲಿ ಮತ್ತೆ ತಿರುಗುಮುರುಗು. 1938ರಲ್ಲಿ ಅವರೂ ಸಹೋದ್ಯೋಗಿ ಸ್ಟರ್ಟೆವಂಟ್ ಅವರೂ ಯಾವುದರಿಂದ ಯಾವುದು ಬಂತೆಂದು ವಂಶವೃಕ್ಷ ಬರೆದಾಗ ಎರಡು ಕೊಂಬೆ ಕೂಡಲಿಲ್ಲ. ನಡುವೆ ಒಂದು ಪಾಠ ಇದ್ದಿರಲೇಬೇಕೆಂದು, ಯಾರೂ ಕಾಣದ ಅದಕ್ಕೆ 'ಹೈಪೊಥೆಟಿಕಲ್' (ಊಹೆಯದು) ಎಂದೇ ಹೆಸರಿಟ್ಟರು.

ಮಾವ ಕಣ್ಣರಳಿಸಿದರು: "ನಮ್ಮ ಮೂಲಪ್ರತಿಯೂ ಹಾಗೇ ಕಣೋ, ಕಂಡವರಿಲ್ಲ. ಆದರೆ ನಮ್ಮಲ್ಲಿ ಉಳಿದದ್ದೆಲ್ಲ ಅದರ ಕೆಟ್ಟ ನಕಲು. ಇಲ್ಲಿ?"

ಇಲ್ಲಿ ಹಾಗಲ್ಲ, ಮಾರ್ಚ್‌ಗೊಂದು ಜೂನ್‌ಗೊಂದು ಸರಿ ಎಂದೆ. ಅವರಿಗೆ ಹಿಡಿಸಲಿಲ್ಲ. ಕಾಲಕ್ಕೆ ತಕ್ಕಂತೆ ಬದಲಾಗುವುದು ಸತ್ಯವೇ ಅಲ್ಲ ಎಂದು ನಂಬಿ ಬದುಕಿದವರು. ಡಾಬ್ಜಾನ್ಸ್ಕಿಯೂ ದೇವರನ್ನು ನಂಬಿದ ಕ್ರೈಸ್ತರೇ ಎಂದದ್ದೂ ಹೆಚ್ಚು ನೆರವಾಗಲಿಲ್ಲ. ನನಗೋ, ಸೃಷ್ಟಿಕರ್ತನಿದ್ದರೆ ಅವನು ಒಂದೇ ಪ್ರತಿ ಬರೆದು ಕೈತೊಳೆದವನಲ್ಲ ಎಂಬುದು ಅಂದೇ ಗಟ್ಟಿಯಾಯಿತು.

ಹೊರಡುವ ಮುಂಚೆ ಮಾವ ಇನ್ನೊಮ್ಮೆ ಬಗ್ಗಿ ನೋಡಿದರು. "ಈ ಕುಣಿಕೆಯಲ್ಲಿ ತಾಯಿಯದು ಯಾವುದು, ತಂದೆಯದು ಯಾವುದು?"

"ನೋಡಿ ಹೇಳಲಾಗದು, ಮಾವ" ಎಂದೆ. ತುಂಬ ಹೊತ್ತು ಅವರು ಕಣ್ಣು ಕೀಳಲಿಲ್ಲ.