ಇಂದಿನ ಧಮ್ಮ ಚಿಂತನೆ: ಕಾಯುವುದು, ಕಾಯಿಸುವುದು

 

ನನ್ನ ಮಗಳು ಬೆಂಗಳೂರಿನಲ್ಲಿ ಸ್ನೂಕರ್ ಕಲಿಯುತ್ತಿದ್ದಾಳೆ. ಕ್ಲಬ್ಬಿನ ಕ್ಯೂ ಕೋಲುಗಳು ಅವಳ ಕೈಗೆ ಹೊಂದುತ್ತಿರಲಿಲ್ಲ. ಅವಳ ಅಳತೆಗೇ ಒಂದು ಕೋಲು ಮಾಡಿಸೋಣವೆಂದು ಕೈಯಲ್ಲೇ ಮಾಡಿಕೊಡುವ ಒಬ್ಬರಿಗೆ ಮುಂಗಡ ಕೊಟ್ಟೆ. ಮೂರು ತಿಂಗಳು ಎಂದಿದ್ದರು. ಆರಾಯಿತು. ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ಸರ್" ಎನ್ನುವ ಒಂದೇ ಉತ್ತರ. ಪಂದ್ಯದ ದಿನ ಮಗಳು ಯಾರದೋ ಕೋಲು ಹಿಡಿದು ಆಡಿ ಸೋತು ಬಂದಳು.

ಆ ಸಂಜೆ ಸಿಟ್ಟಿನಲ್ಲಿ ಫೋನ್ ಮಾಡಿ ಅಂದುಬಿಟ್ಟೆ: "ನಿಮ್ಮಂಥ ಜನರೇ ಹೀಗೆ. ದುಡ್ಡು ಕೈಗೆ ಬಂದರೆ ಕೆಲಸ ಮರೆಯುತ್ತೀರಿ."

ಮಗಳು ಕೇಳಿದಳು: "ನಿಮ್ಮಂಥ ಜನ ಅಂದರೆ ಯಾರಪ್ಪಾ?"

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮಪ್ಪ ಕೂಲಿಗೆ ಹೋದ ಹೊಲದ ಬದುವಿನ ಮೇಲೆ ನಿಂತು ಗೌಡರು ಆಡುತ್ತಿದ್ದ ಮಾತು ಅದೇ. ಇಂದು ಅದು ನನ್ನ ಬಾಯಿಂದ ಬಂದಿತ್ತು.

ಮರುದಿನ ಅವರ ಕಾರ್ಖಾನೆಗೆ ಹೋದೆ. ಆಶ್ ಮರದ ಕೋಲುಗಳು ತೂಗುಹಾಕಿದ್ದವು. ಲೇತ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹೆರೆದು, ಪ್ರತಿ ಸಲವೂ ಕೆಲವು ವಾರ ಮರವನ್ನು ಸುಮ್ಮನೆ ಬಿಡಬೇಕಂತೆ. ಹವೆಗೆ ತಕ್ಕಂತೆ ಮರ ತೇವ ಹೀರುತ್ತದೆ, ಬಿಡುತ್ತದೆ. ಅವಸರ ಮಾಡಿದರೆ ಬಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕೋಲು ಬಾಗಿತ್ತು. ಅವರು ಅದನ್ನು ಬಿಟ್ಟು ಹೊಸದು ಶುರುಮಾಡಿದ್ದರು.

"ಮೊದಲೇ ಹೇಳಬಹುದಿತ್ತಲ್ಲ?"

"ಹೇಳಿದರೆ ಆರ್ಡರ್ ಹೋಗುತ್ತದೆ ಅನ್ನೋ ಭಯ ಸರ್."

ಅವರ ಸುಳ್ಳು ಭಯದಿಂದ ಹುಟ್ಟಿತ್ತು, ನನ್ನ ಕಟುಮಾತು ಸಿಟ್ಟಿನಿಂದ. ಸಮ್ಯಕ್ ವಚನ ಇಬ್ಬರಲ್ಲೂ ತಪ್ಪಿತ್ತು. ನಾನು ಕ್ಷಮೆ ಕೇಳಿದೆ. ಅವರು ಹೊಸ ದಿನಾಂಕ ಬರೆದುಕೊಟ್ಟರು. ಹದಿನೈದು ದಿನಕ್ಕೊಮ್ಮೆ ಫೋಟೋ ಕಳಿಸಲು ಒಪ್ಪಿದರು. ಆ ದಿನವೂ ತಪ್ಪಿದರೆ ಮುಂಗಡ ವಾಪಸ್ ಕೇಳುತ್ತೇನೆ ಎಂದೂ ಹೇಳಿದೆ, ದನಿ ಏರಿಸದೆ.

ಬಂಧುಗಳೇ, ಖಂತಿ ಎಂದರೆ ತಾಳ್ಮೆ. ಆದರೆ "ತಾಳಿ" ಎಂಬ ಮಾತಿಗೆ ನಾವು ಹೆದರುವುದಕ್ಕೆ ಕಾರಣವಿದೆ. ನೀರಿಗೆ ತಾಳಿ, ಶಾಲೆಗೆ ತಾಳಿ ಎಂದೇ ನಮ್ಮನ್ನು ತಲೆಮಾರುಗಟ್ಟಲೆ ಕಾಯಿಸಿದರು. ಬಾಬಾಸಾಹೇಬರು ಆ ಕಾಯುವಿಕೆಯನ್ನು ಒಪ್ಪಲಿಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು.

ಅದೇ ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಓದಿದರು, ತೂಗಿ ನೋಡಿದರು, ಜನರನ್ನು ಸಿದ್ಧಗೊಳಿಸಿದರು.

ಹಕ್ಕನ್ನು ಕೊಡದೆ ಕಾಯಿಸುವುದು ಅನ್ಯಾಯ. ಅದನ್ನು ಪ್ರಶ್ನಿಸಬೇಕು. ಕೆಲಸ ಹದಕ್ಕೆ ಬರುವವರೆಗೆ ಕಾಯುವುದು ಖಂತಿ. ಎರಡರ ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: ಈ ಕಾಯುವಿಕೆಯೊಳಗೆ ಏನು ಕೆಲಸ ನಡೆಯುತ್ತಿದೆ?

ಕೋಲು ಇನ್ನೂ ಬಂದಿಲ್ಲ. ಮೊನ್ನೆ ಫೋಟೋ ಬಂತು. ಮಗಳು ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು.

*ಇಂದಿನ ಅಭ್ಯಾಸ:* ನಿಮ್ಮನ್ನು ಕಾಯಿಸುತ್ತಿರುವ ಒಬ್ಬರಿಗೆ ಬೈಯುವ ಮೊದಲು ಕಾರಣ ಕೇಳಿ. ನೀವು ಕಾಯಿಸುತ್ತಿರುವ ಒಬ್ಬರಿಗೆ ಇವತ್ತೇ ನಿಜ ಹೇಳಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.